ಮೋರ್ಸ್ ಕಥೆಯ ಕಾಲುವೆ ಹುಡುಕ್ಕೊಂಡು: ಸ್ಟೋನ್‌ನಿಂದ ರೂಜ್ಲಿ ತನಕ ನ್ಯಾರೋಬೋಟಲ್ಲಿ

ಆಕ್ಸ್‌ಫರ್ಡಲ್ಲಿ ನಡೆಯೋ ಬ್ರಿಟಿಷ್ ಪತ್ತೇದಾರಿ ಸೀರಿಯಲ್ ‘ಇನ್‌ಸ್ಪೆಕ್ಟರ್ ಮೋರ್ಸ್’ ಇಷ್ಟಪಡೋರು ಇಂಗ್ಲೆಂಡಿಗೆ ಬಂದ್ರೆ ಸೀದಾ ಆಕ್ಸ್‌ಫರ್ಡಿಗೆ ಹೋಗ್ತಾರೆ. ಹೋಗಿ, ಚೆನ್ನಾಗಿರೋ ಊರು. ಆದ್ರೆ 1998ರಲ್ಲಿ ಬಂದ ‘ದ ವೆಂಚ್ ಈಸ್ ಡೆಡ್’ ಎಪಿಸೋಡ್ ನೋಡಿ ಆ ಕಾಲುವೆ, ಆ ದೋಣಿ, ಆ ಹೆಂಗಸಿನ ಕಥೆ ತಲೇಲಿ ಕೂತಿದ್ರೆ ನೀವು ಹೋಗ್ಬೇಕಾಗಿರೋದು ಸ್ಟಾಫರ್ಡ್‌ಶೈರಿಗೆ, ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ. ಕಥೇಲಿ 1859, ಆಕ್ಸ್‌ಫರ್ಡ್ ಕಾಲುವೆ ಅಂತ ಇದೆ, ಆದ್ರೆ ಆ ಕಥೆ ಹುಟ್ಟಿದ್ದು 1839ರ ಜೂನಲ್ಲಿ ಇಲ್ಲಿ ನಡೆದ ನಿಜವಾದ ಒಂದು ಕೊಲೆಯಿಂದ. ಸತ್ತವಳ ಹೆಸರು ಕ್ರಿಸ್ಟಿನಾ ಕಾಲಿನ್ಸ್. ಅವಳ ಕೊನೇ ಪ್ರಯಾಣದ ಕಡೇ ಭಾಗವನ್ನ, ಸ್ಟೋನ್ ಊರಿಂದ ರೂಜ್ಲಿ ತನಕ, ಇವತ್ತಿಗೂ ಅದೇ ನೀರಲ್ಲಿ ಅದೇ ಲಾಕ್‌ಗಳನ್ನ (ನೀರು ತುಂಬಿಸಿ, ಇಳಿಸಿ ದೋಣಿಯನ್ನ ಮೇಲೆ ಕೆಳಗೆ ಮಾಡೋ ಗೇಟಿನ ತೊಟ್ಟಿಗಳು) ದಾಟ್ಕೊಂಡು ಹೋಗ್ಬಹುದು. ನಾವು ಹಾಗೇ ಹೋಗಿದ್ವಿ, ನ್ಯಾರೋಬೋಟ್ ಅನ್ನೋ ಉದ್ದನೆಯ, ಅಗಲ ಕಮ್ಮಿ ಇರೋ ಕಾಲುವೆ ಬೋಟ್ ಬಾಡಿಗೆಗೆ ತಗೊಂಡು, ನಾನು, ನನ್ನ ಹೆಂಡತಿ, ಊರಿಂದ ಬಂದಿದ್ದ ನಮ್ಮಮ್ಮ. ಹೋಗೋ ಪ್ಲಾನ್ ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲು ಸೀರಿಯಲ್ ಬಗ್ಗೆ ಎರಡು ಮಾತು, ನೋಡದೇ ಇರೋರಿಗೆ. ಕಾಲಿನ್ ಡೆಕ್ಸ್‌ಟರ್ 1989ರಲ್ಲಿ ಬರೆದ ಕಾದಂಬರಿ ಅದು, ಆ ವರ್ಷದ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಬಂತು. ಮೋರ್ಸ್ ಹುಷಾರಿಲ್ಲದೆ ಆಸ್ಪತ್ರೇಲಿ ಮಲಗಿರ್ತಾನೆ, ಹಳೇ ಕೊಲೆ ಕೇಸೊಂದು ಕೈಗೆ ಸಿಗುತ್ತೆ, ಓದ್ತಾ ಓದ್ತಾ ನೇಣಿಗೆ ಹೋದವರು ನಿಜವಾಗ್ಲೂ ತಪ್ಪು ಮಾಡಿದ್ರಾ ಅಂತ ಅನುಮಾನ ಶುರುವಾಗುತ್ತೆ. ಮೋರ್ಸ್ ಪಾತ್ರದ ಜಾನ್ ಥಾ ಬಹುಪಾಲು ಹಾಸಿಗೆ ಮೇಲಿಂದಲೇ ಎಪಿಸೋಡನ್ನ ಹೊತ್ಕೊಂಡು ಹೋಗ್ತಾರೆ, ಜೊತೆಗಾರ ಲೂಯಿಸ್ ಪಾತ್ರ ಇದರಲ್ಲಿ ಇಲ್ವೇ ಇಲ್ಲ. ಕಥೆಗೆ ಒಂದು ತಿರುವಿದೆ, ಹೇಳಲ್ಲ. ಕಾಲುವೆ ಮೇಲಿನ ಹಳೇ ಪತ್ತೇದಾರಿ ಸೀರಿಯಲ್ಲೇ ಬೇಕು ಅನ್ನೋರು ಗ್ರಾನಡಾದವರ 1984-85ರ ‘ಟ್ರಾವೆಲಿಂಗ್ ಮ್ಯಾನ್’ ಕೂಡ ನೋಡಿ, ಜೈಲಿಂದ ಹೊರಗೆ ಬಂದ ಮಾಜಿ ಪೊಲೀಸ್ ಲೋಮ್ಯಾಕ್ಸ್ ‘ಹಾರ್ಮನಿ’ ಅನ್ನೋ ನ್ಯಾರೋಬೋಟಲ್ಲಿ ಮಗನನ್ನ ಹುಡುಕ್ಕೊಂಡು ಓಡಾಡ್ತಾನೆ, ಬೋಟ್ ಜೀವನ ಹೇಗಿರುತ್ತೆ ಅನ್ನೋದಕ್ಕೆ ಅದು ಚೆನ್ನಾಗಿದೆ. ಎರಡನ್ನೂ ಹೊರಡೋ ಮುಂಚೆ ಮನೇಲೇ ನೋಡಿ ಮುಗಿಸಿ. ಬೋಟಲ್ಲಿ ನೋಡ್ಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಈಗ ದಾರಿ. ಈ ಕಾಲುವೆ ಒಟ್ಟು 93 ಮೈಲಿ, ಜೇಮ್ಸ್ ಬ್ರಿಂಡ್ಲಿ ಅನ್ನೋ ಎಂಜಿನಿಯರ್ 1766ರಲ್ಲಿ ಶುರು ಮಾಡಿದ್ದು, 1777ರಲ್ಲಿ ಮುಗೀತು, ಅಷ್ಟೊತ್ತಿಗೆ ಆತ ತೀರ್ಕೊಂಡಿದ್ದ. ಸ್ಟೋಕ್ ಕಡೆಯ ಪಿಂಗಾಣಿ ಸಾಮಾನು ಒಡೀದೆ ಬಂದರಿಗೆ ಹೋಗ್ಲಿ ಅನ್ನೋದು ಇದರ ದೊಡ್ಡ ಉದ್ದೇಶ. ನಿಮಗೆ ಬೇಕಾಗಿರೋದು ಇದರಲ್ಲಿ ಸ್ಟೋನ್‌ನಿಂದ ಗ್ರೇಟ್ ಹೇವುಡ್ ತನಕ ಸುಮಾರು 10 ಮೈಲಿ, ಅಲ್ಲಿಂದ ರೂಜ್ಲಿಗೆ ಇನ್ನೊಂದು 5 ಮೈಲಿ ಅಷ್ಟೇ. ಸ್ಟೋನ್ ಊರೊಳಗಿನ ಕೊನೇ ಲಾಕ್ ದಾಟಿದ ಮೇಲೆ ರೂಜ್ಲಿ ತನಕ ಸಿಗೋದು ಆರು ಲಾಕ್: ಆಸ್ಟನ್, ಸ್ಯಾಂಡನ್, ವೆಸ್ಟನ್, ಹೂ ಮಿಲ್, ಹೇವುಡ್, ಕಾಲ್ವಿಚ್. ಹೊಸಬರಿಗೆ ಇದು ಹದವಾದ ದಾರಿ. ಬಾಡಿಗೆ ಬೋಟ್‌ಗಳು ಸಾಮಾನ್ಯವಾಗಿ ಶುಕ್ರವಾರದಿಂದ ಸೋಮವಾರ ಅಥವಾ ಸೋಮವಾರದಿಂದ ಶುಕ್ರವಾರ ಸಿಗ್ತವೆ, ನನ್ನ ಮಾತು ಕೇಳಿದ್ರೆ ಸೋಮವಾರದ್ದು ತಗೊಳ್ಳಿ, ವೀಕೆಂಡಲ್ಲಿ ಲಾಕ್ ಹತ್ರ ಕ್ಯೂ ಇರುತ್ತೆ, ಅವಸರ ಬಿದ್ದು ಹೋದ್ರೆ ಈ ಪ್ರಯಾಣದ ಅರ್ಥಾನೇ ಹೋಗ್ಬಿಡುತ್ತೆ.

ಸ್ಪೀಡ್ ಗಂಟೆಗೆ 4 ಮೈಲಿಗಿಂತ ಜಾಸ್ತಿ ಇಲ್ಲ, ಕಟ್ಟಿ ನಿಲ್ಲಿಸಿರೋ ಬೋಟ್‌ಗಳ ಪಕ್ಕ ಹೋಗೋವಾಗ ಅದಕ್ಕಿಂತಲೂ ನಿಧಾನ, ಇಲ್ಲಾಂದ್ರೆ ಅವರ ಹಗ್ಗ ಕಿತ್ಕೊಂಡು ಬರುತ್ತೆ. ಲೈಸೆನ್ಸ್ ಏನೂ ಬೇಡ, ಹೊರಡೋ ಮುಂಚೆ ಬೋಟ್‌ಯಾರ್ಡಿನವರೇ ಹೇಳ್ಕೊಡ್ತಾರೆ. ಬೋಟ್ ತಿರುಗಿಸೋ ಹಿಡಿಕೆ, ಅಂದ್ರೆ ಟಿಲ್ಲರನ್ನ ಎಡಕ್ಕೆ ತಳ್ಳಿದ್ರೆ ಬೋಟಿನ ಮೂತಿ ಬಲಕ್ಕೆ ಹೋಗುತ್ತೆ, ಇದು ಕೈಗೆ ಹತ್ತೋಕೆ ಸ್ವಲ್ಪ ಹೊತ್ತು ಬೇಕು. ಎದುರಿಗೆ ಬೋಟ್ ಬಂದ್ರೆ ಬಲಗಡೆ ಸರೀಬೇಕು, ಇಂಗ್ಲೆಂಡಿನ ರಸ್ತೆಗೆ ಉಲ್ಟಾ. ಲಾಕ್‌ಗಳು ಸುಮಾರು 7 ಅಡಿ ಅಗಲ, ಬೋಟ್ ಅದಕ್ಕಿಂತ ಕೂದಲೆಳೆ ಕಮ್ಮಿ. ರೂಜ್ಲಿ ಕಡೆ ಹೋಗೋವಾಗ ಎಲ್ಲಾ ಲಾಕಲ್ಲೂ ಕೆಳಗಿಳೀತೀರಿ, ಅದಕ್ಕೇ ಇದೊಂದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ: ಮೇಲಿನ ಗೇಟಿನ ಬುಡದಲ್ಲಿ ನೀರೊಳಗೆ ಒಂದು ಕಟ್ಟೆ ಇರುತ್ತೆ, ಸಿಲ್ ಅಂತಾರೆ, ಲಾಕ್ ಗೋಡೆ ಮೇಲೆ ಬಿಳೀ ಗೆರೆ ಹಾಕಿ ತೋರಿಸಿರ್ತಾರೆ. ಬೋಟಿನ ಹಿಂಭಾಗ ಆ ಗೆರೆಗಿಂತ ಮುಂದೇ ಇರ್ಬೇಕು. ನೀರು ಇಳಿಯೋವಾಗ ಹಿಂಭಾಗ ಸಿಲ್ ಮೇಲೆ ಸಿಕ್ಕಿಹಾಕ್ಕೊಂಡ್ರೆ ಮೂತಿ ಕೆಳಗೆ ಹೋಗಿ ಬೋಟ್ ಮುಳುಗುತ್ತೆ, ನಿಮಿಷಗಳ ಕೆಲಸ. ಸ್ವಲ್ಪ ಅನುಮಾನ ಬಂದ್ರೂ ಪ್ಯಾಡಲ್ (ಲಾಕಿನ ನೀರು ಬಿಡೋ ಸಣ್ಣ ಬಾಗಿಲು) ಇಳಿಸಿ ನೀರು ನಿಲ್ಲಿಸಿಬಿಡಿ. ಪ್ಯಾಡಲ್ ಎತ್ತಿ ಇಳಿಸೋ ವಿಂಡ್ಲಸ್ ಅನ್ನೋ ಕಬ್ಬಿಣದ ಹಿಡಿ ನೀರಿಗೆ ಬಿದ್ರೆ ಆಟ ಮುಗೀತು, ಅದಕ್ಕೆ ಒಂದು ಎಕ್ಸ್‌ಟ್ರಾ ಕೇಳಿ ಇಸ್ಕೊಳ್ಳಿ. ಹಗ್ಗ ಮುಟ್ಟಿದ ಕೈ ತೊಳೀದೆ ಊಟಕ್ಕೆ ಕೂರ್ಬೇಡಿ, ಇಲಿ ಉಚ್ಚೆಯಿಂದ ಬರೋ ಇಲಿಜ್ವರದ ಭಯ ಕಾಲುವೆ ನೀರಲ್ಲಿ ಇದ್ದೇ ಇದೆ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರಿಗೆ: ಬೋಟೊಳಗೆ ಇಳಿಯೋ ಮೆಟ್ಲು ಕಡಿದಾಗಿರುತ್ತೆ, ಮಂಡಿ ನೋವಿರೋರಿಗೆ ಕಷ್ಟ, ಬುಕ್ ಮಾಡೋ ಮುಂಚೆ ಫೋಟೋ ತರಿಸ್ಕೊಂಡು ನೋಡಿ. ಬೋಟಿನ ಪಕ್ಕದ ಅಂಚಲ್ಲಿ ಅವರು ಓಡಾಡೋದು ಬೇಡವೇ ಬೇಡ. ಸೀರೆ ಉಟ್ಟು ಹಿಂದಿನ ಡೆಕ್ ಮೇಲೆ ನಿಲ್ಲೋದು ಅಪಾಯ, ಅಮ್ಮ ಚೂಡಿದಾರಕ್ಕೆ ಒಪ್ಕೊಂಡ್ರು. ಮುಂದಿನ ಡೆಕ್ಕಲ್ಲಿ ಕುರ್ಚಿ ಹಾಕಿಕೊಟ್ರೆ ಹೊಲ, ಕುರಿ, ಬಾತುಕೋಳಿ ನೋಡ್ಕೊಂಡು ಆರಾಮಾಗಿ ಇರ್ತಾರೆ. ಗ್ಯಾಸ್ ಒಲೆ, ಫ್ರಿಜ್, ಬಿಸಿನೀರು ಎಲ್ಲಾ ಇದೆ, ಉಪ್ಪಿಟ್ಟು ಚಿತ್ರಾನ್ನ ಆರಾಮಾಗಿ ಆಗುತ್ತೆ, ಕುಕ್ಕರ್ ಮಾತ್ರ ಮನೆಯಿಂದ ತಗೊಂಡೋಗಿ. ಲೈಫ್ ಜಾಕೆಟ್ ಎಲ್ಲರಿಗೂ ಕೇಳಿ, ಈಜು ಬರದೇ ಇರೋರು ಬೋಟ್ ಓಡ್ತಿರೋವಾಗ ಬಿಚ್ಬಾರ್ದು.

ಸ್ಟೋನಲ್ಲಿ ಲಾಕಿಗೆ ಅಂಟ್ಕೊಂಡೇ ಸ್ಟಾರ್ ಅನ್ನೋ ಹಳೇ ಪಬ್ ಇದೆ, ಎಲ್ಲರೂ ಅದರ ಫೋಟೋ ತಗೀತಾರೆ. ಆದ್ರೆ ಕ್ರಿಸ್ಟಿನಾ ಕಥೆ ಗೊತ್ತಿದ್ದು ಅಲ್ಲಿ ನಿಂತ್ರೆ ಬೇರೆಯೇ ಅನ್ಸುತ್ತೆ. 37 ವರ್ಷದ ಹೆಂಗಸು, ಗಂಡ ರಾಬರ್ಟ್‌ಗೆ ಲಂಡನ್ನಲ್ಲಿ ಕೆಲಸ ಸಿಕ್ಕಿದೆ, ಅವನ ಹತ್ರ ಹೋಗೋಕೆ ಲಿವರ್‌ಪೂಲಿಂದ ಪಿಕ್‌ಫರ್ಡ್ಸ್ ಕಂಪನಿಯ ಸರಕು ದೋಣಿ ಹತ್ತಿದ್ದಾಳೆ. ದೋಣೀಲಿ ಕ್ಯಾಪ್ಟನ್ ಜೇಮ್ಸ್ ಓವೆನ್, ಜಾರ್ಜ್ ಥಾಮಸ್, ಎಲ್ಲಿಸ್ ಅನ್ನೋ ಇನ್ನಿಬ್ಬರು ಗಂಡಸರು, ಒಬ್ಬ ಹುಡುಗ. ಗಂಡಸರು ಕುಡ್ಕೊಂಡು ಬಾಯಿಗೆ ಬಂದಂಗೆ ಮಾತಾಡ್ತಿದ್ರು. ಅವಳು ಸುಮ್ನಿರಲಿಲ್ಲ. ಸ್ಟೋಕಲ್ಲಿ ಕಂಪನಿ ಆಳಿಗೆ ಹೇಳಿದಳು. ಸ್ಟೋನಲ್ಲಿ ಕಂಪನಿ ಗುಮಾಸ್ತನಿಗೆ ಹೇಳಿದಳು. ಪ್ರಯಾಣ ಮುಗಿದ ಮೇಲೆ ದೂರು ಕೊಡು ಅಂದ ಆತ. ನನಗೆ ಸಿಟ್ಟು ಬರೋದು ಇಲ್ಲೇ. ಅವಳ ಕೊಲೆಗೆ ನೇಣಾಯ್ತು, ಸರಿ, ಆದ್ರೆ ಅವಳು ಭಯ ಆಗ್ತಿದೆ ಅಂತ ಬಾಯಿಬಿಟ್ಟು ಹೇಳಿದ್ದನ್ನ ಕೇಳಿಸ್ಕೊಂಡೂ ಮುಂದಕ್ಕೆ ಕಳಿಸಿದವರಿಗೆ ಏನೂ ಆಗ್ಲಿಲ್ಲ.

ಆಸ್ಟನ್ ಲಾಕ್ ಹತ್ರ ಒಂದು ಕಬ್ಬಿಣದ ಮೈಲಿಗಂಬ ಇದೆ, ಒಂದು ಕಡೆ ಶಾರ್ಡ್‌ಲೋ 46 ಮೈಲಿ, ಇನ್ನೊಂದು ಕಡೆ ಪ್ರೆಸ್ಟನ್ ಬ್ರೂಕ್ 46 ಮೈಲಿ, ಅಂದ್ರೆ ಕಾಲುವೆಯ ಹೆಚ್ಚುಕಮ್ಮಿ ಮಧ್ಯ. ಅಲ್ಲಿಂದ ಮುಂದೆ ಸ್ಯಾಂಡನ್, ವೆಸ್ಟನ್, ಎಲ್ಲಾ ಸಣ್ಣ ಊರು, ಮಧ್ಯೆ ಬರೀ ಹೊಲ ಮತ್ತು ನದಿ. ಕಾರಲ್ಲಿ ಬಂದು ರೂಜ್ಲಿಯ ಸಮಾಧಿ ಒಂದನ್ನೇ ನೋಡಿ ಹೋಗ್ಬೇಡಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ. ಪುಸ್ತಕದಲ್ಲಿ ಓದೋವಾಗ ದೋಣಿಯಿಂದ ಇಳಿದು ಓಡಿಹೋಗ್ಬಹುದಿತ್ತಲ್ಲ, ದಡ ಎರಡಡಿ ದೂರ ತಾನೇ ಅನ್ಸುತ್ತೆ. ಬೋಟಲ್ಲಿ ಗಂಟೆಗಟ್ಲೆ ಒಂದು ನರಪಿಳ್ಳೆ ಕಾಣದೆ ಹೋದಾಗ ಗೊತ್ತಾಗುತ್ತೆ, ಕತ್ತಲೇಲಿ, ಸಾಮಾನೆಲ್ಲಾ ದೋಣೀಲಿ ಬಿಟ್ಟು, ಗೊತ್ತಿಲ್ಲದ ಊರಲ್ಲಿ ಇಳಿದು ಎಲ್ಲಿಗೆ ಓಡೋದು. ಆದ್ರೂ ಅವಳು ಕೆಲವು ಕಡೆ ದೋಣಿ ಬಿಟ್ಟು ಟೋಪಾತ್ (ಕಾಲುವೆ ದಡದ ಕಾಲುದಾರಿ) ಮೇಲೆ ನಡ್ಕೊಂಡು ಹೋಗಿದ್ದಾಳೆ, ಅವರಿಂದ ದೂರ ಇರೋಕೆ.

ಹೂ ಮಿಲ್ ಲಾಕಲ್ಲಿ ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ಬೋರ್ಡ್ ಗೀರ್ಡ್ ಹುಡುಕ್ಬೇಡಿ, ಮಾಮೂಲಿ ಲಾಕ್ ಥರಾನೇ ಇದೆ. ಅವತ್ತು ಮಧ್ಯರಾತ್ರಿ ಹೊತ್ತಿಗೆ ಲಾಕ್ ಕಾಯೋನು ಮತ್ತು ಅವನ ಹೆಂಡತಿ ಹೆಂಗಸಿನ ಅಳು ಕೇಳಿ ಎದ್ದಿದ್ದಾರೆ. ಅವಳು ಕ್ಯಾಬಿನ್ ಮೇಲೆ ಕೂತು ಒಳಗೆ ಹೋಗಲ್ಲ ಅಂತ ಅಳ್ತಿದ್ದಳು. ಜೊತೆಗೆ ಯಾರಿದ್ದಾರೆ ಅಂತ ಇವರು ಕೇಳಿದ್ದಕ್ಕೆ ಗಂಡ ಇದ್ದಾನೆ ಅಂದ್ರು ದೋಣಿಯವರು. ಅಷ್ಟಕ್ಕೇ ಸಮಾಧಾನ ಆಗಿ ಬಿಟ್ಟರು. ಅಮ್ಮನಿಗೆ ಇದನ್ನ ಹೇಳಿದಾಗ ಅವರು, ‘ಗಂಡ ಇದ್ದಿದ್ರೂ ಯಾಕಮ್ಮ ಅಳ್ತೀಯ ಅಂತ ಕೇಳ್ಬೇಕಿತ್ತು ಕಣೋ’ ಅಂದ್ರು.

ಗ್ರೇಟ್ ಹೇವುಡ್‌ನಲ್ಲಿ ರಾತ್ರಿ ನಿಲ್ಲಿಸೋದು ಒಳ್ಳೇದು. ಜಂಕ್ಷನ್‌ನಲ್ಲಿ ಬಲಕ್ಕೆ ಸ್ಟಾಫರ್ಡ್‌ಶೈರ್ ಅಂಡ್ ವೂಸ್ಟರ್‌ಶೈರ್ ಕಾಲುವೆಗೆ ತಿರುಗಿ ಸ್ವಲ್ಪ ಮುಂದೆ ಹೋದ್ರೆ ಟಿಕ್ಸಲ್ ವೈಡ್ ಅಂತ ಕಾಲುವೆಯೇ ಕೆರೆ ಥರ ಅಗಲ ಆಗೋ ಜಾಗ ಇದೆ, ಬಹಳ ಚೆಂದ, ಸಂಜೆ ಬೇಗ ಹೋದ್ರೇ ಜಾಗ ಸಿಗೋದು. ಬೆಳಿಗ್ಗೆ ಎಸೆಕ್ಸ್ ಬ್ರಿಜ್ ಅನ್ನೋ ಹಳೇ ಕಲ್ಲಿನ ಸೇತುವೆ ಮೇಲೆ ನಡ್ಕೊಂಡು ಶಗ್‌ಬರೋ ಬಂಗಲೆಗೆ ಹೋಗಿ, ನ್ಯಾಷನಲ್ ಟ್ರಸ್ಟಿನದು. ತೋಟದಲ್ಲಿ ಶೆಫರ್ಡ್ಸ್ ಮಾನ್ಯುಮೆಂಟ್ ಅಂತ ಕಲ್ಲಿದೆ, ಅದರ ಮೇಲಿನ ಅಕ್ಷರಗಳ ಅರ್ಥ ಇವತ್ತಿನ ತನಕ ಯಾರೂ ಖಾತ್ರಿಯಾಗಿ ಬಿಡಿಸಿಲ್ಲ, ಪತ್ತೇದಾರಿ ಹುಚ್ಚಿರೋರಿಗೆ ಹೇಳಿ ಮಾಡಿಸಿದ್ದು.

ಕಾಲ್ವಿಚ್ ಲಾಕ್ ದಾಟಿದ ಮೇಲೆ ಇನ್ನೇನೂ ಅಡ್ಡಿ ಇಲ್ಲ. ರೂಜ್ಲಿ ಮುಟ್ಟೋ ಮುಂಚೆ ಕಾಲುವೆ ಟ್ರೆಂಟ್ ನದಿಯನ್ನ ಮೇಲ್ಗಾಲುವೆ ಮೇಲೆ ದಾಟುತ್ತೆ, ಅದರ ಹತ್ರವೇ ಬ್ರಿಂಡ್ಲಿ ಬ್ಯಾಂಕ್. 1839ರ ಜೂನ್ 17ರ ಬೆಳಗಿನ ಜಾವ ಅವಳ ಹೆಣ ಸಿಕ್ಕಿದ್ದು ಇಲ್ಲಿ, ಇನ್ನೊಬ್ಬ ದೋಣಿಯವನಿಗೆ. ದಡದ ಮೆಟ್ಲು ಹತ್ತಿ ಹೆಣ ಒಯ್ದಾಗ ರಕ್ತ ತೊಟ್ಟಿಕ್ಕಿತು ಅಂತ ಆ ಮೆಟ್ಲಿಗೆ ಬ್ಲಡಿ ಸ್ಟೆಪ್ಸ್ ಅನ್ನೋ ಹೆಸರು ಉಳ್ಕೊಂಡಿದೆ, ಈಗಲೂ ಕಲೆ ಕಾಣುತ್ತೆ ಅನ್ನೋ ದೆವ್ವದ ಕಥೆಗಳೂ ಇವೆ. ನನಗೆ ಅವು ಬೇಡ. ಮೆಟ್ಲು ಹತ್ತಿ ಫೋಟೋಗೆ ಪೋಸ್ ಕೊಡೋಕೂ ಮನಸ್ಸು ಬರಲ್ಲ. ಅಲ್ಲಿ ಬೋಟ್ ನಿಲ್ಲಿಸೋದಕ್ಕಿಂತ ಮುಂದೆ ರೂಜ್ಲಿ ಊರಲ್ಲಿ ಕಟ್ಟಿ, ಟೋಪಾತಲ್ಲಿ ನಡ್ಕೊಂಡು ವಾಪಸ್ ಬರೋದು ಸುಲಭ, ಸಮತಟ್ಟು ದಾರಿ.

ರೂಜ್ಲಿಯಲ್ಲಿ ಸೇಂಟ್ ಆಗಸ್ಟೀನ್ ಚರ್ಚಿನ ಅಂಗಳದಲ್ಲಿ ಅವಳ ಸಮಾಧಿ. ಬಹಳ ಕ್ರೂರವಾಗಿ ನಡೆಸಿಕೊಳ್ಳಲ್ಪಟ್ಟು ಈ ಊರಿನ ಕಾಲುವೆಯಲ್ಲಿ ಸತ್ತು ಸಿಕ್ಕಿದವಳು ಅಂತ ಕಲ್ಲಿನ ಮೇಲೆ ಕೆತ್ತಿದ್ದಾರೆ, ಕಲ್ಲು ಹಾಕಿಸಿದ್ದು ಊರಿನ ಕೆಲವರು, ಮರುಕದಿಂದ. ಯಾರೂ ನೆಂಟರಲ್ಲ. ಓವೆನ್‌ನನ್ನ, ಜಾರ್ಜ್ ಥಾಮಸ್‌ನನ್ನ 1840ರ ಏಪ್ರಿಲಲ್ಲಿ ಸ್ಟಾಫರ್ಡ್ ಜೈಲಿನ ಮುಂದೆ ಸಾವಿರಾರು ಜನರ ಎದುರಿಗೆ ನೇಣಿಗೆ ಹಾಕಿದ್ರು, ಮೂರನೇ ಎಲ್ಲಿಸ್ ಕೊನೇ ಗಳಿಗೇಲಿ ನೇಣು ತಪ್ಪಿ ಗಡೀಪಾರಾದ. ಸೀರಿಯಲ್ಲನ್ನ ಬೋಟಲ್ಲಿ ನೋಡ್ಬೇಡಿ ಅಂದಿದ್ದು ಇದಕ್ಕೇ. ಅದು ಚೆನ್ನಾಗಿ ಕಟ್ಟಿರೋ ಒಗಟು, ಮನೇಲಿ ಸೋಫಾ ಮೇಲೆ ಕೂತು ಖುಷಿಯಾಗಿ ನೋಡೋದು. ಈ ನೀರಿನ ಮೇಲೆ ಒಗಟು ಏನೂ ಇಲ್ಲ, ಏನಾಯ್ತು ಅಂತ ಎಲ್ಲರಿಗೂ ಗೊತ್ತು, ನಡೀತಿದ್ದಾಗಲೂ ಸುಮಾರು ಜನಕ್ಕೆ ಗೊತ್ತಿತ್ತು.

ಇನ್ನು ಉಳಿದ ವಿಷಯ. ರೂಜ್ಲಿಯಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ನಡೆಯೋ ದೂರದಲ್ಲೇ ಇದೆ, ತರಕಾರಿ ಹಾಲು ಅಲ್ಲೇ ತುಂಬಿಸ್ಕೊಳ್ಳಿ. ಬೋಟ್ ಉದ್ದ ಇರೋದ್ರಿಂದ ಸಿಕ್ಕಲ್ಲಿ ತಿರುಗಿಸೋಕಾಗಲ್ಲ, ಮ್ಯಾಪಲ್ಲಿ ವೈಂಡಿಂಗ್ ಹೋಲ್ ಅಂತ ಗುರುತಿರೋ ಕಡೆ ಮಾತ್ರ, ನಿಮ್ಮ ಬೋಟಿನ ಉದ್ದಕ್ಕೆ ಅದು ಸಾಕಾಗುತ್ತಾ ಅಂತ ಯಾರ್ಡಲ್ಲೇ ಕೇಳಿ. ಟೈಮ್ ಇದ್ರೆ ವಾಪಸ್ ತಿರುಗದೆ ಫ್ರಾಡ್ಲಿ ಜಂಕ್ಷನ್ ತನಕ ಹೋಗ್ಬಹುದು. ಬೋಟ್ ಬೇಡ ಅನ್ನೋರು ಗ್ರೇಟ್ ಹೇವುಡ್‌ನಿಂದ ರೂಜ್ಲಿಗೆ ಟೋಪಾತಲ್ಲಿ ನಡೆದ್ರೂ ಅರ್ಧ ದಿನಕ್ಕೆ ಮುಗಿಯುತ್ತೆ, ಸ್ಟೋನ್ ಮತ್ತು ರೂಜ್ಲಿ ಎರಡೂ ಕಡೆ ರೈಲ್ವೆ ಸ್ಟೇಷನ್ ಇದೆ. ನವೆಂಬರಿಂದ ಮಾರ್ಚ್ ತನಕ ರಿಪೇರಿಗೆ ಅಂತ ಕೆಲವು ಲಾಕ್‌ಗಳನ್ನ ಮುಚ್ತಾರೆ, ಯಾವಾಗ ಹೋದ್ರೂ ಕಾಲುವೆ ನೋಡ್ಕೊಳ್ಳೋ ಕೆನಾಲ್ ಅಂಡ್ ರಿವರ್ ಟ್ರಸ್ಟಿನ ವೆಬ್‌ಸೈಟಲ್ಲಿ ದಾರಿ ತೆರೆದಿದ್ಯಾ ನೋಡ್ಕೊಂಡೇ ದುಡ್ಡು ಕಟ್ಟಿ. ಆಗಸ್ಟಲ್ಲಿ ಸ್ಕೂಲ್ ರಜಾ, ರೇಟ್ ಜಾಸ್ತಿ. ಆಗೋದಾದ್ರೆ ಜೂನಲ್ಲೇ ಹೋಗಿ, ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತೆ, ಕತ್ತಲಾಗೋ ಮುಂಚೆ ಒಳ್ಳೇ ಜಾಗ ನೋಡಿ ಕಟ್ಟೋಕೆ ಬೇಕಾದಷ್ಟು ಹೊತ್ತು ಸಿಗುತ್ತೆ.