ಬಸಳೆಯ ಹೆಸರಿನ ಹಿಂದೆ ಹೋದಾಗ

ಬಸಳೆಗೆ ಸಸ್ಯಶಾಸ್ತ್ರದಲ್ಲಿ ಬಸೆಲ್ಲಾ ಅಂತಾರೆ. ಲ್ಯಾಟಿನ್ ಪದ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಅದರ ಮೂಲ ಮಲಯಾಳಂ. ಆ ಹೆಸರನ್ನು ಯುರೋಪಿಗೆ ತಲುಪಿಸಿದ್ದು 'ಹೋರ್ಟುಸ್ ಮಲಬಾರಿಕಸ್' ಅನ್ನೋ ಲ್ಯಾಟಿನ್ ಪುಸ್ತಕ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ 12 ಸಂಪುಟಗಳು, ಮಲಬಾರಿನ 700ಕ್ಕೂ ಜಾಸ್ತಿ ಗಿಡಮರಗಳು.

ಮಾಡಿಸಿದವರು ಹೆಂಡ್ರಿಕ್ ವಾನ್ ರೀಡ್, ಕೊಚ್ಚಿಯಲ್ಲಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಮಾಂಡರ್. ಕಂಪನಿಯ ಕಣ್ಣು ಕರಿಮೆಣಸಿನ ಮೇಲಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಕಾಯಿಲೆ ಬಿದ್ದ ತಮ್ಮ ಜನಕ್ಕೆ ಸಾವಿರಾರು ಮೈಲಿ ದೂರದಿಂದ ಔಷಧಿ ತರಿಸುವ ಬದಲು ಇಲ್ಲಿನ ವೈದ್ಯರನ್ನೇ ಕೇಳೋಣ ಅಂತ ಆತನಿಗೆ ಅನ್ನಿಸಿತಲ್ಲ, ಅದು ನನಗೆ ದೊಡ್ಡ ವಿಷಯ.

ಕೇಳಿದ್ದು ಯಾರನ್ನು? ಕೇರಳದ ಚೇರ್ತಲ ಹತ್ತಿರದ ಇಟ್ಟಿ ಅಚ್ಯುದನ್ ಅವರನ್ನು. ಈಳವ ಸಮುದಾಯದವರು, ತಲೆಮಾರುಗಳಿಂದ ವೈದ್ಯ ಮನೆತನ. ಜೊತೆಗೆ ಕೊಂಕಣಿ ಬ್ರಾಹ್ಮಣ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಅಚ್ಯುದನ್ ಮಲಯಾಳಂನಲ್ಲಿ ಹೇಳುತ್ತಿದ್ದರು. ದುಭಾಷಿ ಮನುಯೆಲ್ ಕಾರ್ನೇರೊ ಅದನ್ನು ಪೋರ್ಚುಗೀಸಿಗೆ ತರುತ್ತಿದ್ದ, ಅಲ್ಲಿಂದ ಅದು ಲ್ಯಾಟಿನ್ನಿಗೆ ಹೋಗುತ್ತಿತ್ತು. 1663ರಲ್ಲಿ ಡಚ್ಚರು ಕೊಚ್ಚಿಯಿಂದ ಪೋರ್ಚುಗೀಸರನ್ನು ಓಡಿಸಿದ್ದರು ನಿಜ, ಆದರೆ ಅವರ ಭಾಷೆ ಊರು ಬಿಟ್ಟಿರಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಬೇಕಾದರೆ ಅದೇ ಬೇಕಿತ್ತು.

ಹಳೆಯ ಪುಟಗಳ ಸ್ಕ್ಯಾನ್ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಎಲೆಯ ನರ, ಹೂವು, ಕಾಯಿ, ಒಡೆದ ಕಾಯಿಯೊಳಗಿನ ಬೀಜ, ಎಲ್ಲಾ ಬಿಡಿಸಿದ್ದಾರೆ. ಎಷ್ಟೋ ಚಿತ್ರಗಳ ಮೂಲೆಯಲ್ಲಿ ಗಿಡದ ಹೆಸರು ಲ್ಯಾಟಿನ್, ಮಲಯಾಳಂ, ಅರೇಬಿಕ್, ನಾಗರಿ ಲಿಪಿಗಳಲ್ಲಿದೆ.

ಆದರೆ ನಾನು ಮತ್ತೆ ಮತ್ತೆ ತೆರೆಯುವುದು ಮೊದಲ ಸಂಪುಟದ ಒಂದು ಪುಟ. ಅಲ್ಲಿ ಅಚ್ಯುದನ್ ಅವರ 1675ರ ಹೇಳಿಕೆ ಕೋಲೆಳುತ್ತು ಅನ್ನೋ ಹಳೆಯ ಮಲಯಾಳಂ ಲಿಪಿಯಲ್ಲೇ ಅಚ್ಚಾಗಿದೆ. ನನ್ನ ಮನೆತನ ಇಂಥದ್ದು, ಈ ಗಿಡಗಳ ಹೆಸರು, ಗುಣ ಹೇಳಿದವನು ನಾನು ಅಂತ. ಅದೇ ಸಂಪುಟದಲ್ಲಿ ಆ ಮೂವರು ಬ್ರಾಹ್ಮಣರ ಹೇಳಿಕೆ ನಾಗರಿಯಲ್ಲಿದೆ. ಈಳವರು ಹತ್ತಿರ ಬಂದರೆ ಮೈಲಿಗೆ ಅನ್ನುತ್ತಿದ್ದ ಕಾಲ ಅದು. ಊರಲ್ಲಿ ದೂರ ನಿಲ್ಲಬೇಕಿದ್ದವರು ಪುಸ್ತಕದಲ್ಲಿ ಜೊತೆಗಿದ್ದಾರೆ, ಅಲ್ವಾ? ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು.

ಮುಂದೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದೇ ಪುಸ್ತಕ ನೋಡಿ ಎಷ್ಟೋ ಗಿಡಗಳಿಗೆ ಹೆಸರಿಟ್ಟ. ಲ್ಯಾಟಿನ್ ಬಾರದವರಿಗೆ ಮಾತ್ರ ಅದು ಮುಚ್ಚಿದ ಪುಸ್ತಕವಾಗಿಯೇ ಉಳಿಯಿತು. ಕೆ. ಎಸ್. ಮಣಿಲಾಲ್ ಅನ್ನೋ ಸಸ್ಯಶಾಸ್ತ್ರಜ್ಞರು ದಶಕಗಟ್ಟಲೆ ಅದರ ಹಿಂದೆ ಬಿದ್ದು, 2003ರಲ್ಲಿ ಇಂಗ್ಲಿಷಿಗೆ ತಂದರು. ಅಚ್ಯುದನ್ ಮಲಯಾಳಂನಲ್ಲಿ ಹೇಳಿದ ಮಾತು ಮಲಯಾಳಂ ಪುಸ್ತಕವಾಗಿ ಬಂದಾಗ 2008.