ದೊಡ್ಡಪ್ಪನ ಫಿಯೆಟ್‌ಗೆ ಬೆಲೆ ಕಟ್ಟಿದ ದಿನ

ಕೊಡಗಿನ ಅಮ್ಮತ್ತಿಯ ಹತ್ತಿರ ದೊಡ್ಡಪ್ಪನ ಕಾಫಿ ತೋಟದಲ್ಲಿ 1967ರ ಫಿಯೆಟ್ 1100 ಕಾರೊಂದಿದೆ. 2025ರ ಮಾರ್ಚ್‌ನಲ್ಲಿ, ಹೂಮಳೆ ಬಿದ್ದು ರೊಬಸ್ಟಾ ಅರಳಿದ್ದ ವಾರ, ಅದನ್ನು ನೋಡಲು ಬೆಂಗಳೂರಿನಿಂದ ಒಬ್ಬರು ಬಂದರು. ಸಹಕಾರ ಬ್ಯಾಂಕಿನಲ್ಲಿ ಸಾಲ, ಠೇವಣಿಗಳ ಲೆಕ್ಕ ಬರೆದು ನಿವೃತ್ತಳಾದವಳು ನಾನು. ದೊಡ್ಡಪ್ಪ ಹಿಂದಿನ ದಿನವೇ ಫೋನ್ ಮಾಡಿ, "ನೀನೂ ಬಾ, ಲೆಕ್ಕ ನೋಡುವವರು ಒಬ್ಬರು ಬೇಕು" ಎಂದಿದ್ದರು.

ದೊಡ್ಡಪ್ಪನ ಮಗನಿಗೆ ಕಾರು ಮಾರುವ ಮನಸ್ಸಿರಲಿಲ್ಲ. ಇನ್ನು ಹತ್ತು ವರ್ಷ ಇಟ್ಟರೆ ಬೆಲೆ ಎಲ್ಲಿಗೋ ಹೋಗುತ್ತದೆ ಎಂಬುದು ಅವನ ನಂಬಿಕೆ. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ, ಅಂದರೆ ಎರಡು ಬಾಗಿಲಿನ ಮುಚ್ಚಿದ ಕಾರು, 2022ರಲ್ಲಿ 13.5 ಕೋಟಿ ಯೂರೋಗಳಿಗೆ ಹೋದ ಸುದ್ದಿಯನ್ನು ಮೊಬೈಲ್‌ನಲ್ಲಿ ತೋರಿಸಿದ. ಅಂಥ ಕೂಪೆ ಪ್ರಪಂಚದಲ್ಲಿ ಎರಡೇ ಇವೆ ಕಣಪ್ಪ, ಎಂದೆ. ಬಾಂಬೆಯ ಪ್ರೀಮಿಯರ್ ಕಾರ್ಖಾನೆಯಿಂದ ಫಿಯೆಟ್‌ಗಳು ಸಾವಿರಗಟ್ಟಲೆ ಹೊರಬಂದಿವೆ. ಹಳೆಯದಾದ ಮಾತ್ರಕ್ಕೆ ವಸ್ತು ಅಪರೂಪದ್ದಾಗುವುದಿಲ್ಲ.

ಆದರೆ ಅವನ ನಂಬಿಕೆಗೂ ಒಂದು ಹಿನ್ನೆಲೆಯಿದೆ. ಅಜ್ಜ ಕಾರು ಕೊಂಡ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಕಾಯಲಾಗದವರು ಬಳಸಿದ ಕಾರಿಗೇ ಹೊಸದಕ್ಕಿಂತ ಹೆಚ್ಚು ಕೊಡಲು ಸಿದ್ಧರಿದ್ದರು. ಕಾರೆಂದರೆ ಆಸ್ತಿ ಎಂಬ ಮಾತು ನಮ್ಮ ಮನೆಗಳಲ್ಲಿ ಬೇರೂರಿದ್ದು ಆಗ. 1983ರ ಕೊನೆಯಲ್ಲಿ ಮಾರುತಿ 800 ಬಂತು. ಆಮೇಲೆ ಹಳೆಯ ಫಿಯೆಟ್ ಕೇಳುವವರು ಕಡಿಮೆಯಾದರು.

ಬಂದವರು ಬಣ್ಣದ ಕಡೆ ನೋಡಲೇ ಇಲ್ಲ. ಗೋಣಿಚೀಲ ಹಾಸಿ ಅಂಗಾತ ಮಲಗಿ, ಟಾರ್ಚ್ ಹಿಡಿದು ತಳವನ್ನೆಲ್ಲ ಸ್ಕ್ರೂಡ್ರೈವರಿನಿಂದ ಕುಟ್ಟುತ್ತಾ ಹೋದರು. ಬಾಗಿಲಿನ ಕೆಳಗೆ ಒಂದು ಕಡೆ ಸದ್ದು ಮೆತ್ತಗಾಯಿತು. ಮತ್ತೊಮ್ಮೆ ಕುಟ್ಟಿದರು, ತುಕ್ಕು ಉದುರಿತು.

"ಸರ್, ಜೀಪಾಗಿದ್ದರೆ ಚಿಂತೆ ಇರಲಿಲ್ಲ. ಅದಕ್ಕೆ ಭಾರ ಹೊರುವ ಕೆಳಗಿನ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಹೋದರೆ ಇನ್ನೊಂದು ಕೂರಿಸಬಹುದು. ಇದರಲ್ಲಿ ಬಾಡಿಯೇ ಭಾರ ಹೊರಬೇಕು. ತಳ ಹೋದರೆ ಕಾರೇ ಹೋದ ಹಾಗೆ" ಎಂದರು.

ಅವರ ಮಾತು ನನಗೆ ಇಡೀ ಕೊಡಗಿನ ಮಟ್ಟಿಗೇ ನಿಜ ಅನ್ನಿಸಿತು. ಇಲ್ಲಿ ಹಳೆಯ ಮಹೀಂದ್ರ ಜೀಪು ಬೆಲೆ ಉಳಿಸಿಕೊಂಡಿದ್ದರೆ ಅದು ದುಡಿಯುತ್ತದೆ ಎಂಬ ಕಾರಣಕ್ಕೆ. ತೋಟದಿಂದ ಕಾಫಿ ಮೂಟೆ ತರುತ್ತದೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುತ್ತದೆ. ನಿಂತ ಕಾರಿಗೆ ನಮ್ಮ ಮಳೆಗಾಲ ವೈರಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ತಗಡು ತಿನ್ನುತ್ತದೆ. ವೈರಿಂಗನ್ನು ಇಲಿ ಕಡಿಯುತ್ತದೆ, ಬ್ರೇಕಿನ ಸಿಲಿಂಡರ್ ಹಿಡಿದುಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನೂ ಕೆಡಿಸುತ್ತದೆ. ಏನೂ ಮಾಡದೆ ಇಟ್ಟರೆ ಬೆಲೆ ಬೆಳೆಯಲು ಇದು ಚಿನ್ನವಲ್ಲ.

ಕಾಗದ ಸರಿಯಿದ್ದರೆ ಮೂರೂವರೆ ಲಕ್ಷ ಕೊಡುತ್ತೇನೆ ಎಂದರು. ನಾನು ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದೆ. ಅಜ್ಜ ಕೊಟ್ಟದ್ದು ಸುಮಾರು 15 ಸಾವಿರ. ಶೇಕಡಾ 7ರ ಚಕ್ರಬಡ್ಡಿಯಲ್ಲಿ 58 ವರ್ಷಕ್ಕೆ ಅದು ಏಳೂವರೆ ಲಕ್ಷ ದಾಟುತ್ತದೆ. ಇದು ನ್ಯಾಯದ ಲೆಕ್ಕವಲ್ಲ, ಏಕೆಂದರೆ ಮೊದಲ ಇಪ್ಪತ್ತೆಂಟು ವರ್ಷ ಆ ಕಾರು ಮನೆಯವರನ್ನೆಲ್ಲ ಹೊತ್ತು ತಿರುಗಿದೆ, ದೊಡ್ಡಮ್ಮನ ಹೆರಿಗೆಗೆ ಮಡಿಕೇರಿಗೆ ಓಡಿದೆ. ಹಾಗಾಗಿ 1995ರಿಂದ ಹಿಡಿದೆ. ಅಂದು ಮಾರಿದ್ದರೆ 20 ಸಾವಿರ ಬರುತ್ತಿತ್ತು ಎಂದು ದೊಡ್ಡಪ್ಪನೇ ಹೇಳಿದರು. ಅದೇ ಬಡ್ಡಿಗೆ ಮೂವತ್ತು ವರ್ಷಕ್ಕೆ ಒಂದೂವರೆ ಲಕ್ಷ. ಮೂರೂವರೆ ಎಲ್ಲಿ, ಒಂದೂವರೆ ಎಲ್ಲಿ! ದೊಡ್ಡಪ್ಪನ ಮಗನ ಮುಖ ಅರಳಿತು.

"ಖರ್ಚಿನ ಪುಸ್ತಕ ತಾ" ಎಂದೆ. ದೊಡ್ಡಪ್ಪ ತೋಟದ ಲೆಕ್ಕದ ಜೊತೆಯಲ್ಲೇ ಕಾರಿನದನ್ನೂ ಬರೆದಿಟ್ಟಿದ್ದರು. ತಳಕ್ಕೆ ತಗಡು ಬೆಸೆದದ್ದು, ಬಣ್ಣ, ಟೈರು, ಬ್ಯಾಟರಿ, ಮೈಸೂರಿನಿಂದ ತರಿಸಿದ ಕಾರ್ಬ್ಯುರೇಟರ್, ಷೆಡ್ಡಿನ ಮಾಡಿಗೆ ಹೊಸ ಶೀಟು. ಕೂಡುತ್ತಾ ಹೋದರೆ ಮಿಗುವುದೆನ್ನಿಸಿದ್ದ ಎರಡು ಲಕ್ಷ ಕರಗಿಯೇ ಹೋಯಿತು. ಆಯಾ ವರ್ಷ ಖರ್ಚು ಮಾಡಿದ ಆ ಹಣಕ್ಕೂ ಬಡ್ಡಿ ಸೇರಿಸಿದರೆ ನಷ್ಟ.

"ಹಾಗಾದರೆ ಇಟ್ಟುಕೊಂಡದ್ದು ದಂಡವೇ ಅಕ್ಕಾ?" ಎಂದ ಅವನು.

ದಂಡವಲ್ಲ. ಹೂಡಿಕೆಯಲ್ಲ, ಅಷ್ಟೆ. ದೊಡ್ಡಪ್ಪ ಇಷ್ಟಪಟ್ಟು ಖರ್ಚು ಮಾಡಿದ್ದಾರೆ, ಆ ಇಷ್ಟಕ್ಕೆ ಯಾವ ಬ್ಯಾಂಕಿನ ಬಡ್ಡಿದರದ ಸಮರ್ಥನೆಯೂ ಬೇಕಿಲ್ಲ. ಬೆಲೆ ಏರಲೆಂದು ಕಾಯುತ್ತಾ ಷೆಡ್ಡಿನಲ್ಲಿ ಕೊಳೆಯಲು ಬಿಡುವುದನ್ನು ಮಾತ್ರ ನಾನು ಒಪ್ಪಲಾರೆ. ದುಡ್ಡು ಬೇಕಿದ್ದರೆ ಇವತ್ತೇ ಮಾರಿ, ಕಾರು ಬೇಕಿದ್ದರೆ ಓಡಿಸಿ ಎಂದು ಇಬ್ಬರಿಗೂ ಹೇಳಿದೆ.

ಅಷ್ಟರಲ್ಲಿ ಆರ್‌ಸಿ ಹೊರಬಂತು. ಅದಿನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ, ನವೀಕರಣವೂ ನಿಂತುಹೋಗಿದೆ. ಮಾಲೀಕರು ತೀರಿಕೊಂಡ ವಾಹನವನ್ನು ವಾರಸುದಾರರ ಹೆಸರಿಗೆ ಮಾಡಿಸಲು ನಮೂನೆ 31 ಕೊಡಬೇಕು. ಅದಾಗದೆ ಮಾರಾಟದ ಮಾತೇ ಇಲ್ಲ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಸಿಗುತ್ತದೆ ಎಂದು ಬಂದವರು ವಿವರಿಸಿದರು. ಶುಲ್ಕ 20 ಸಾವಿರ, ಹತ್ತು ವರ್ಷದ ಮಾನ್ಯತೆ, ನಂಬರಿನಲ್ಲಿ 'ವಿಎ' ಅಕ್ಷರಗಳು. ಸಂಗ್ರಹಕಾರರಿಗೆ ಅದರ ಮೇಲೆ ಕಣ್ಣು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು.

ದೊಡ್ಡಪ್ಪ ಇಷ್ಟು ಹೊತ್ತೂ ಸುಮ್ಮನಿದ್ದವರು ಈಗ ಕೇಳಿದರು: "ಸಿದ್ದಾಪುರದ ಸಂತೆಗೆ ಹೋಗಬೇಕಾದರೆ?"

"ಅದಕ್ಕೆ ಸಾಮಾನ್ಯ ನವೀಕರಣ ಮಾಡಿಸಿ ಸರ್. ಐದು ವರ್ಷಕ್ಕೊಮ್ಮೆ ಪರೀಕ್ಷೆ, ಶುಲ್ಕ ಎರಡೂ ಇವೆ. ನಿಂತ ಅವಧಿಗೆ ದಂಡ ಬೀಳಬಹುದು."

"ಹಾಗಾದರೆ ಅದೇ ಆಗಲಿ. ನಿಮಗೆ ಇಷ್ಟು ದೂರ ಬರುವ ತೊಂದರೆಯಾಯಿತು."

ಬಂದವರು ಬೇಸರ ಮಾಡಿಕೊಳ್ಳಲಿಲ್ಲ. ಊಟ ಮುಗಿಸಿ ಹೊರಡುವ ಮೊದಲು ದೊಡ್ಡಪ್ಪನ ಮಗನನ್ನು ಕಾರಿನ ಬಳಿಗೆ ಕರೆದು, ಎಲ್ಲೆಲ್ಲಿ ತಗಡು ಬದಲಿಸಬೇಕೆಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟರು. ಜೂನ್‌ನ ಮಳೆ ಹಿಡಿಯುವ ಮೊದಲು ಬೆಸುಗೆ ಮುಗಿಯಲೇಬೇಕು ಎಂದು ಎರಡೆರಡು ಸಲ ಹೇಳಿದರು. ಅವನು ಆಗಲೇ ಗೋಣಿಕೊಪ್ಪದ ಗ್ಯಾರೇಜಿಗೆ ಫೋನ್ ಹಚ್ಚಿದ್ದ.