ಬೂದಿ ಬಿದ್ದ ಪ್ಲಾನ್

ಹೊರದೇಶದಲ್ಲಿ ಸಂಸಾರ ಹೂಡಿದವರ ಮನೆಗೆ ನೆಂಟರು ಬರುವುದೆಂದರೆ ಊರಿನಲ್ಲಿ ಬಂದ ಹಾಗಲ್ಲ. ಖರ್ಚೆಲ್ಲ ನಮ್ಮದೇ ಅಂತ ಬರೆದುಕೊಟ್ಟು, ಆ ಸಹಿಗೆ ನಗರಸಭೆಯಲ್ಲಿ ಮುದ್ರೆ ಹಾಕಿಸಬೇಕು. 30,000 ಯೂರೋಗೆ ಕಡಿಮೆಯಿಲ್ಲದ ಇನ್ಶೂರೆನ್ಸ್ ಬೇಕು. ಹೋಗಿ ಬರುವ ಟಿಕೆಟ್ ತೋರಿಸಬೇಕು. ಇಷ್ಟಾದ ಮೇಲೆ ವೀಸಾದವರು ದಿನ ಎಣಿಸಿ ಕೊಡುತ್ತಾರೆ. ಆ ಎಣಿಸಿದ ದಿನಗಳಲ್ಲಿ ಯುರೋಪನ್ನೆಲ್ಲ ತೋರಿಸಿ ಕಳಿಸುವ ಹೊಣೆ ನಮ್ಮದು.

2010ರ ಏಪ್ರಿಲ್‌ನಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ನೆದರ್‌ಲ್ಯಾಂಡ್ಸ್‌ಗೆ, ನಮ್ಮಲ್ಲಿಗೆ ಬಂದಾಗ ನಮ್ಮನೆಯವರು ಎಕ್ಸೆಲ್‌ನಲ್ಲಿ ಪ್ಲಾನ್ ಮಾಡಿಟ್ಟಿದ್ದರು. ಪ್ಯಾರಿಸ್, ಬ್ರಸೆಲ್ಸ್, ಝಾನ್ಸೆ ಸ್ಕಾನ್ಸ್‌ನ ಗಾಳಿಗಿರಣಿಗಳು, ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಯಲ್ಲಿ ದೋಣಿ, ಕ್ಯೂಕೆನ್‌ಹಾಫ್‌ನ ಟುಲಿಪ್ ತೋಟ. ಎಲ್ಲಿ ಎಷ್ಟು ಹೊತ್ತು, ಎಲ್ಲಿ ಊಟ, ಟಾಯ್ಲೆಟ್ ಎಲ್ಲಿ ಸಿಗುತ್ತೆ ಅನ್ನುವುದರ ಸಮೇತ. ನಾವಿಬ್ಬರೂ ಇದ್ದಬದ್ದ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದೆವು. ಪ್ಲಾನ್ ಎಲ್ಲೂ ತಪ್ಪಲಿಲ್ಲ. ಟುಲಿಪ್ ಒಂದೇ ಕೈಕೊಟ್ಟಿದ್ದು. ಆ ಸಲ ಚಳಿ ಬೇಗ ಬಿಟ್ಟಿರಲಿಲ್ಲ. ತೋಟದಲ್ಲಿ ಡ್ಯಾಫೊಡಿಲ್, ಹಯಸಿಂತ್ ಜಾಸ್ತಿ, ಟುಲಿಪ್ ಇನ್ನೂ ಹಸಿರು ಮೊಗ್ಗು. "ಲಾಲ್‌ಬಾಗ್‌ನಲ್ಲೇ ಇದಕ್ಕಿಂತ ಜಾಸ್ತಿ ಹೂವಿರುತ್ತೆ ಬಿಡು" ಅಂದರು ಚಿಕ್ಕಮ್ಮ. ಆದರೂ ಫೋಟೋ ತೆಗೆಸಿಕೊಂಡರು.

16ನೇ ತಾರೀಕು ಶುಕ್ರವಾರ ಅವರ ವಿಮಾನ. ಗುರುವಾರ ಸಂಜೆ ಹಾಲ್ ತುಂಬ ಸೂಟ್‌ಕೇಸ್. ಚೀಸ್, ಚಾಕೊಲೇಟ್, ಅಳಿಯನಿಗೆ ಟೀಶರ್ಟ್. ತೂಕದ ಮಷೀನ್ ಮೇಲೆ ಚಿಕ್ಕಪ್ಪ ಸೂಟ್‌ಕೇಸ್ ಹಿಡಿದು ನಿಲ್ಲುವುದು, ಆಮೇಲೆ ಬರಿಗೈಲಿ ನಿಲ್ಲುವುದು, ಕಳೆಯುವುದು. ಹಾಗೆ ಕಳೆಯುತ್ತಿದ್ದಾಗಲೇ ಟಿವಿಯಲ್ಲಿ ಬಂತು. ಐಸ್‌ಲ್ಯಾಂಡಿನ ಎಯ್ಯಾಫ್ಯಾಟ್ಲಾಯೋಕುಲ್ ಜ್ವಾಲಾಮುಖಿಯ ಬೂದಿ ಈ ಕಡೆ ಬರುತ್ತಿದೆ, ಇಂಗ್ಲೆಂಡಿನ ಆಕಾಶ ಬಂದ್ ಮಾಡಿದ್ದಾರೆ ಅಂತ. ರಾತ್ರಿಯೊಳಗೆ ನಮ್ಮದೂ ಬಂದ್.

ನಮ್ಮ ಆಮ್‌ಸ್ಟೆಲ್‌ವೇನ್ ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ವಿಮಾನ ನೆತ್ತಿಯ ಮೇಲೇ ಇಳಿಯುತ್ತದೆ. ಬೇಸಿಗೆಯಲ್ಲಿ ಕಿಟಕಿ ತೆಗೆದಿಟ್ಟರೆ ಫೋನಿನಲ್ಲಿ ಮಾತಾಡುತ್ತ "ಒಂದ್ನಿಮಿಷ" ಅಂತ ಸುಮ್ಮನಾಗುವುದು ನಮಗೆ ರೂಢಿ. ಶುಕ್ರವಾರ ಬೆಳಿಗ್ಗೆ ಒಂದೂ ಸದ್ದಿಲ್ಲ. ತಮಾಷೆ ಅಂದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಚಿಕ್ಕಮ್ಮ ಬಾಲ್ಕನಿಯಲ್ಲಿ ನಿಂತು, "ಎಲ್ಲಿದೆ ಬೂದಿ? ಸುಳ್ಳು ಹೇಳ್ತಾರೆ ಇವರು" ಅಂದರು. ಚಿಕ್ಕಪ್ಪ ಅಷ್ಟರಲ್ಲಿ ಇಂಟರ್‌ನೆಟ್‌ನಲ್ಲಿ ಎಲ್ಲ ಓದಿಕೊಂಡಿದ್ದರು. ಹಿಮದ ಅಡಿಯಿಂದ ಬೆಂಕಿ ಎದ್ದರೆ ಕಲ್ಲು ಗಾಜಿನ ಪುಡಿಯಾಗಿ ಸಿಡಿಯುತ್ತೆ, ಅದು ಕಣ್ಣಿಗೆ ಕಾಣೋದಿಲ್ಲ, ಎಂಜಿನ್ ಒಳಗೆ ಹೋಗಿ ಕರಗಿ ಅಂಟಿಕೊಳ್ಳುತ್ತೆ, 1982ರಲ್ಲಿ ಜಾವಾ ಹತ್ತಿರ ಒಂದು ಜಂಬೋ ವಿಮಾನದ ನಾಲ್ಕೂ ಎಂಜಿನ್ ಹೀಗೇ ನಿಂತಿದ್ದವು. "ಆಮೇಲೆ?" ಅಂದರು ಚಿಕ್ಕಮ್ಮ. "ಕೆಳಗೆ ಬಂದ ಮೇಲೆ ಮತ್ತೆ ಶುರುವಾದವು, ಎಲ್ಲ ಬದುಕಿದರು." "ಹಾಗಾದ್ರೆ ನಾನು ಇಲ್ಲೇ ಇರ್ತೀನಪ್ಪ."

ವಿಮಾನ ಕಂಪನಿಯ ಫೋನಿನಲ್ಲಿ ಗಂಟೆಗಟ್ಟಲೆ ಸಂಗೀತ ಕೇಳಿದೆವು. ಕೊನೆಗೆ ಸಿಕ್ಕವಳು ಮುಂದಿನ ವಾರದ ಕೊನೆಗೆ ನೋಡೋಣ ಅಂದಳು. ಯುರೋಪಿನಲ್ಲಿ ಸುಮಾರು 1 ಲಕ್ಷ ವಿಮಾನಗಳು ರದ್ದಾದ ಆ ವಾರ ನಮ್ಮ ಎರಡು ಸೀಟಿಗೆ ಬೆಲೆ ಎಲ್ಲಿ? ಅಮೆರಿಕದಿಂದ ಹೊರಟ ಜರ್ಮನಿಯ ಚಾನ್ಸಲರ್ ಮರ್ಕೆಲ್ ಲಿಸ್ಬನ್‌ನಲ್ಲಿ ಇಳಿದು, ರೋಮ್‌ಗೆ ಹಾರಿ, ಅಲ್ಲಿಂದ ರಸ್ತೆಯಲ್ಲಿ ಮನೆ ಕಡೆ ಹೊರಟಿದ್ದಾರೆ ಅಂತ ಓದಿದ ಮೇಲೆ ಚಿಕ್ಕಪ್ಪನಿಗೆ ಸಮಾಧಾನವಾಯಿತು. "ಅಳಿಯಂದಿರೇ, ಅವರಿಗೇ ಗತಿ ಇಲ್ಲ. ನಾವು ಪರವಾಗಿಲ್ಲ, ಅನ್ನ ಸಾರು ಇದೆ."

ನನಗೆ ತಲೆಬಿಸಿ ಆಗಿದ್ದು ವೀಸಾದ್ದು. 20ಕ್ಕೆ ಮುಗಿಯುತ್ತಿತ್ತು. ಅವಧಿ ಮೀರಿ ಉಳಿದರೆ ಮುಂದೆಂದೂ ಕೊಡುವುದಿಲ್ಲವೇನೋ ಅಂತ ನಾನು ಒದ್ದಾಡುತ್ತಿದ್ದರೆ, ಚಿಕ್ಕಪ್ಪ ನಿಯಮವನ್ನೇ ಹುಡುಕಿ ತೆಗೆದರು. ಕೈಮೀರಿದ ಕಾರಣಕ್ಕೆ ಹೊರಡಲಾಗದವರಿಗೆ ವೀಸಾ ಮುಂದುವರಿಸಿ ಕೊಡಬೇಕು, ಅದಕ್ಕೆ ಫೀಸ್ ತಗೊಳ್ಳುವಂತಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಕೊಡುವ ಷೆಂಗೆನ್‌ನ ಹೊಸ ನಿಯಮಾವಳಿಯಲ್ಲೇ ಇದೆ. ಅದು ಜಾರಿಯಾಗಿದ್ದು ಅದೇ ಏಪ್ರಿಲ್ 5ಕ್ಕೆ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಸರ್ಕ್ಯುಲರ್ ಓದಿದವರು. ಆ ಪುಟ ಪ್ರಿಂಟ್ ತೆಗೆಸಿ, ಅಡಿಗೆರೆ ಹಾಕಿ, ವಲಸೆ ಕಚೇರಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದರು. ಅಲ್ಲಿದ್ದವಳಿಗೆ ಆ ಪ್ರಿಂಟ್ ಬೇಕಾಗಲೇ ಇಲ್ಲ ಅನ್ನುವುದು ಅವರಿಗೆ ಸ್ವಲ್ಪ ಬೇಜಾರು.

ಶನಿವಾರ ಮಧ್ಯಾಹ್ನ ಇನ್ನೊಂದು. ಆ ವರ್ಷ ಐಪಿಎಲ್ ಯೂಟ್ಯೂಬ್‌ನಲ್ಲೇ ಲೈವ್ ಬರುತ್ತಿತ್ತು. ಆರ್‌ಸಿಬಿ, ಮುಂಬೈ ಮ್ಯಾಚ್ ಅಂತ ಚಿಕ್ಕಪ್ಪ ಲ್ಯಾಪ್‌ಟಾಪ್ ಮುಂದೆ ಕೂತರೆ ಮ್ಯಾಚೇ ಶುರುವಾಗುತ್ತಿಲ್ಲ. ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಬಾಂಬ್ ಸಿಡಿದಿತ್ತು. ಚಿಕ್ಕಮ್ಮನ ಮಗಳ ಮನೆ ಆ ಕಡೆಯೇ. ಲೈನ್ ಸಿಗುತ್ತಿಲ್ಲ. ಎರಡು ದಿನದಿಂದ ಊರಿನವರು "ಬೂದಿ ಬಂತಾ, ಉಸಿರಾಟಕ್ಕೆ ತೊಂದರೆ ಇಲ್ಲ ತಾನೆ" ಅಂತ ನಮ್ಮನ್ನು ವಿಚಾರಿಸುತ್ತಿದ್ದರು. ಈಗ ಚಿಕ್ಕಮ್ಮ ಡಯಲ್ ಮಾಡುತ್ತಾ, ಕಟ್ ಮಾಡುತ್ತಾ, ಇನ್ನೂ ಬಿಚ್ಚದ ಸೂಟ್‌ಕೇಸ್ ಮೇಲೇ ಕೂತಿದ್ದರು. ಕೊನೆಗೆ ಮಗಳು ಸಿಕ್ಕಳು, ಎಲ್ಲ ಕ್ಷೇಮ. ಅವತ್ತು ರಾತ್ರಿಯೇ ಚಿಕ್ಕಮ್ಮ ಸೂಟ್‌ಕೇಸ್ ಬಿಚ್ಚಿ ಬಟ್ಟೆಗಳನ್ನು ವಾಪಸ್ ನಮ್ಮ ಬೀರುವಿನಲ್ಲಿ ಜೋಡಿಸಿದರು. ಇನ್ನು ಇವರು ನೆಂಟರಲ್ಲ ಅಂತ ನನಗೆ ಅನ್ನಿಸಿದ್ದು ಆಗ.

ಸೋಮವಾರದಿಂದ ನಮಗೆ ರಜೆ ಇಲ್ಲ. ಮನೆಯ ಇನ್ನೊಂದು ಕೀ ಅವರ ಕೈಗೆ ಕೊಟ್ಟೆ. 5ನೇ ನಂಬರ್ ಟ್ರಾಮ್ ತೋರಿಸಿದೆ. ಆಗಿನ್ನೂ ಟ್ರಾಮಿನಲ್ಲಿ ಸ್ಟ್ರಿಪ್ಪನ್‌ಕಾರ್ಟ್ ನಡೆಯುತ್ತಿತ್ತು. ಉದ್ದನೆಯ ಕಾಗದದ ಟಿಕೆಟ್, ಅದರ ತುಂಬ ಸಾಲಾಗಿ ಪಟ್ಟಿಗಳು. ಎಷ್ಟು ವಲಯಗಳಲ್ಲಿ ಓಡಾಡುತ್ತೀರೋ ಅದಕ್ಕೆ ಒಂದು ಸೇರಿಸಿ ಅಷ್ಟನೇ ಪಟ್ಟಿಯ ಮೇಲೆ ಮುದ್ರೆ ಹಾಕಿಸಬೇಕಿತ್ತು. ನಮ್ಮ ಸ್ನೇಹಿತರಿಗೆ ವರ್ಷಗಟ್ಟಲೆ ಅರ್ಥವಾಗದ ಈ ಲೆಕ್ಕ ಚಿಕ್ಕಪ್ಪನಿಗೆ ಒಂದೇ ಸಲಕ್ಕೆ ಬಂತು.

ಇಲ್ಲಿಂದ ಮುಂದೆ ನನಗೆ ಸ್ವಲ್ಪ ಕಷ್ಟವಾಯಿತು, ಹೇಳಿಬಿಡುತ್ತೇನೆ. ಬಂದವರಿಗೆ ನಾವು ತೋರಿಸುವ ಯುರೋಪ್ ಬೇರೆ, ನಾವು ಬದುಕುವ ಯುರೋಪ್ ಬೇರೆ. ಮೊದಲನೆಯದರಲ್ಲಿ ಐಫೆಲ್ ಟವರ್ ಇದೆ. ಎರಡನೆಯದರಲ್ಲಿ ಬೆಳಿಗ್ಗೆ ಏಳೂಕಾಲಿಗೆ ಮಗಳ ಡಬ್ಬಿಗೆ ಬ್ರೆಡ್ ಸವರುವುದು, ಅದೇ ಬ್ರೆಡ್ ನನ್ನ ಬ್ಯಾಗಿಗೂ ಹಾಕಿಕೊಳ್ಳುವುದು, ಎದುರುಗಾಳಿಯಲ್ಲಿ ಸೈಕಲ್ ತುಳಿಯುವುದು, ಸಂಜೆ ಬಂದು ಫ್ರೀಜರ್‌ನಿಂದ ಭಾನುವಾರದ ಹುಳಿ ತೆಗೆಯುವುದು. ಇದನ್ನು ಯಾರಿಗೂ ತೋರಿಸಬೇಕಾಗಿ ಬಂದಿರಲಿಲ್ಲ. ರಜೆ ಹಾಕಿ, ಬಿಸಿ ದೋಸೆ ಹುಯ್ದು, ಎಲ್ಲ ಚೆನ್ನಾಗಿದೆ ಅಂತ ಕಳಿಸಿಬಿಡುತ್ತಿದ್ದೆವು. ಈಗ ಚಿಕ್ಕಮ್ಮ ಅಡುಗೆಮನೆಯ ಸ್ಟೂಲ್ ಮೇಲೆ ಕೂತು ಎಲ್ಲ ನೋಡುತ್ತಿದ್ದರು.

"ಮಧ್ಯಾಹ್ನಕ್ಕೆ ಇದೇನಾ?"

"ಎಲ್ಲರೂ ಇದೇ ತಿನ್ನೋದು ಚಿಕ್ಕಮ್ಮ."

"ಎಲ್ಲರದ್ದು ಇರಲಿ."

ಇನ್ನೊಂದು ದಿನ: "ಅಲ್ವೇ, ನಾನು ಬಂದಾಗಿಂದ ನಿಮ್ಮನೆ ಬೆಲ್ ಹೊಡೆದವನು ಆ ಪಾರ್ಸೆಲ್ ಹುಡುಗ ಒಬ್ಬನೇ. ಅದೂ ಪಕ್ಕದ ಮನೆಯವರದ್ದು." ಇಲ್ಲಿ ಯಾರೂ ಹೇಳದೇ ಕೇಳದೇ ಬರುವುದಿಲ್ಲ, ಡೈರಿ ನೋಡಿ ದಿನ ಗೊತ್ತುಮಾಡಿಕೊಳ್ಳುತ್ತಾರೆ ಅಂತ ವಿವರಿಸಿದೆ. ಚಿಕ್ಕಮ್ಮ ಹೂಂ ಅಂದರು. ಅವರ ಹೂಂ ಎಂಥದ್ದು ಅಂತ ನಮ್ಮ ಮನೆತನದವರಿಗೆಲ್ಲ ಗೊತ್ತು.

ಸಂಜೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಕಾಫಿ ರೆಡಿ. ಅದರ ಜೊತೆಗೇ ಪ್ರಶ್ನೆಗಳು. ಆಫೀಸಿನಿಂದ ಬಂದು ಅರ್ಧ ಗಂಟೆ ಯಾರ ಜೊತೆಗೂ ಮಾತಾಡದೆ ಕೂತು ನನಗೆ ಅಭ್ಯಾಸ. ಕಾಫಿ ರುಚಿಯಾಗಿತ್ತು, ಸಿಟ್ಟೂ ಬರುತ್ತಿತ್ತು. ಮಸಾಲೆ ಡಬ್ಬಿಗಳೆಲ್ಲ ಅವರ ಕೈಗೆ ಎಟುಕುವ ಹಾಗೆ ಕೆಳಗಿನ ಶೆಲ್ಫಿಗೆ ಬಂದಿದ್ದವು. ಜೀರಿಗೆ ಹುಡುಕುತ್ತಾ ಒಂದು ದಿನ ಡಬ್ಬಿಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಯಾರೂ ಏನೂ ಅನ್ನಲಿಲ್ಲ.

ಚಿಕ್ಕಪ್ಪನ ಬಿಪಿ ಮಾತ್ರೆ ಮುಗಿದದ್ದು ಆ ವಾರದಲ್ಲೇ. ಉಳಿದಿದ್ದು ಸ್ಟ್ರಿಪ್‌ನ ಒಂದು ತುಂಡು, ಎರಡು ಮಾತ್ರೆ. ಊರಲ್ಲಿ ಕತ್ತರಿಸಿ ಕೊಡುತ್ತಾರಲ್ಲ, ಹಾಗೆ ಕತ್ತರಿಸಿ ಹೆಸರಿರುವ ತುದಿಯೇ ಹೋಗಿತ್ತು. ಹಿಂದುಗಡೆ ಬೆಳ್ಳಿ ಹಾಳೆಯ ಮೇಲೆ ಕೆಂಪಕ್ಷರದಲ್ಲಿ "ಡಿಪಿನ್ 5" ಅಂತಷ್ಟೇ ಉಳಿದಿತ್ತು. ನಮ್ಮ ಏರಿಯಾದ ಡಾಕ್ಟರ್ ಅದನ್ನು ದೀಪಕ್ಕೆ ಹಿಡಿದು ನೋಡಿದರು. ಚಿಕ್ಕಪ್ಪ ಮಲ್ಲೇಶ್ವರದ ಮೆಡಿಕಲ್ ಸ್ಟೋರಿನ ಬಿಲ್ ತೆಗೆದರು. ಅದರಲ್ಲಿ ಬ್ರ್ಯಾಂಡ್ ಹೆಸರು, ಇಲ್ಲಿಯವರಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಕೊನೆಗೆ ಆಮ್ಲೋಡಿಪಿನ್ ಅಂತ ತಾಳೆಯಾಯಿತು. ಬಿಪಿ ನೋಡಿದರೆ ಊರಿನಲ್ಲಿದ್ದುದಕ್ಕಿಂತ ಕಡಿಮೆ. ಅಲ್ಲಿಂದೀಚೆಗೆ ಯಾರು ಬಂದರೂ ಮಾತ್ರೆಯ ಪೂರ್ತಿ ಸ್ಟ್ರಿಪ್ ತನ್ನಿ, ಒಳಗಿನ ಔಷಧದ ಹೆಸರು ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ, ಎರಡು ವಾರಕ್ಕೆ ಹೆಚ್ಚಿಗೆ ತನ್ನಿ ಅಂತ ನಾನು ತಪ್ಪದೆ ಹೇಳುತ್ತೇನೆ.

ಅಷ್ಟರಲ್ಲಿ ಇಬ್ಬರೂ ಹಗಲೆಲ್ಲ ತಿರುಗಲು ಶುರು ಮಾಡಿದ್ದರು. ಒಂದು ಸಂಜೆ ಚಿಕ್ಕಮ್ಮ, "ಇಲ್ಲೇ ಕಾಡಿನಲ್ಲಿ ಬಿಳೀ ಹೂವಿನ ತೋಪಿದೆಯಲ್ಲೇ, ಪ್ರತಿ ಮರಕ್ಕೂ ಒಂದೊಂದು ಹೆಂಗಸಿನ ಹೆಸರು" ಅಂದರು. ಆಮ್‌ಸ್ಟರ್‌ಡ್ಯಾಮ್ಸೆ ಬೋಸ್ ಅನ್ನುವ ಆ ಕಾಡು ನಮ್ಮ ಮನೆಯ ಹಿಂದೆಯೇ ಇದೆ. ಅಲ್ಲಿ ಅಂಥದ್ದಿರುವುದು ನಮಗೆ ಗೊತ್ತಿರಲಿಲ್ಲ. ಹೋಗಿ ನೋಡಿದರೆ ನಿಜ. 2000ದಲ್ಲಿ ಜಪಾನಿ ಮಹಿಳೆಯರ ಸಂಘ ಕೊಟ್ಟ 400 ಚೆರ್ರಿ ಮರಗಳು. ಅರ್ಧಕ್ಕೆ ಜಪಾನಿ ಹೆಸರು, ಇನ್ನರ್ಧಕ್ಕೆ ಡಚ್ ಹೆಸರು. ಚಿಕ್ಕಮ್ಮ ತಮಗೆ ಹಿಡಿಸಿದ ಒಂದು ಮರದ ಕೆಳಗೆ ಆಗಲೇ ಜಾಗ ಗೊತ್ತುಮಾಡಿಕೊಂಡಿದ್ದರು. ಚಿತ್ರಾನ್ನದ ಡಬ್ಬಿ ಬಿಚ್ಚಿದರು. ನಮ್ಮ ಎಕ್ಸೆಲ್‌ನಲ್ಲಿ ಇದು ಬರುವುದು ಸಾಧ್ಯವೇ ಇರಲಿಲ್ಲ.

21ಕ್ಕೆ ಸೆಮಿಫೈನಲ್. ಬಾಂಬ್ ಆದ ಮೇಲೆ ಮ್ಯಾಚನ್ನು ಬೆಂಗಳೂರಿನಿಂದ ನವಿ ಮುಂಬೈಗೆ ಒಯ್ದಿದ್ದರು. ಆರ್‌ಸಿಬಿ 35 ರನ್‌ಗಳಿಂದ ಸೋತಿತು. ಚಿಕ್ಕಪ್ಪ ಊಟ ಬೇಡ ಅಂದರು. ಆಮೇಲೆ ಉಂಡರು.

ಸೋಮವಾರ ಸಂಜೆಯೇ ಸ್ಕಿಪೋಲ್‌ನಿಂದ ಒಂದೆರಡು ವಿಮಾನ ಹೊರಟಿದ್ದವು, ಮತ್ತೆ ತಲೆಯ ಮೇಲೆ ಗುಂಯ್ ಅನ್ನತೊಡಗಿತ್ತು. ಇವರಿಗೆ ಸೀಟು ಸಿಕ್ಕಿದ್ದು ಅದರ ಮುಂದಿನ ವಾರಕ್ಕೆ. ನಡುವಿನ ಭಾನುವಾರ ಆ ಟುಲಿಪ್ ತೋಟವಿರುವ ಲಿಸ್ಸೆ ಕಡೆ ಕಾರಿನಲ್ಲಿ ಹೋದೆವು. ತೋಟದ ಒಳಗೆ ಹೋಗಲಿಲ್ಲ, ಹೊರಗಿನ ಹೊಲಗಳಲ್ಲೇ ಸಾಕಷ್ಟಿತ್ತು. ಕೆಂಪು, ಹಳದಿ, ನೇರಳೆ ಪಟ್ಟೆಗಳು, ರಸ್ತೆಯ ಎರಡೂ ಕಡೆ. ಚಿಕ್ಕಮ್ಮ ಲಾಲ್‌ಬಾಗ್ ಹೆಸರೆತ್ತಲಿಲ್ಲ.

ಹೊರಡುವ ಹಿಂದಿನ ರಾತ್ರಿ ಚಿಕ್ಕಪ್ಪನಿಗೆ ಇನ್ನೊಂದು ನಿಯಮ ಸಿಕ್ಕಿತು. ವಿಮಾನ ರದ್ದಾಗಿ ಸಿಕ್ಕಿಹಾಕಿಕೊಂಡವರ ಊಟ, ವಸತಿಯನ್ನು ಕಂಪನಿಯೇ ನೋಡಿಕೊಳ್ಳಬೇಕು, ಜ್ವಾಲಾಮುಖಿಯೇ ಆದರೂ ಸರಿ, ಯುರೋಪಿನ 261/2004 ಕಾನೂನು. "ಅಳಿಯಂದಿರೇ, ನೀವೊಂದು ಬಿಲ್ ಬರೆದುಕೊಡಿ. ರೂಮಿನ ಬಾಡಿಗೆ, ಎರಡು ಊಟ, ಒಂದು ತಿಂಡಿ."

"ಅಕ್ಕನ ಮಗಳ ಮನೇಲಿ ಉಂಡಿದ್ದಕ್ಕೆ ಬಿಲ್ ಕೇಳ್ತೀರಲ್ಲ, ನಾಚಿಕೆ ಆಗಲ್ವೇನ್ರೀ?" ಚಿಕ್ಕಮ್ಮ ಎದ್ದು ಲೈಟ್ ಆರಿಸಿಯೇಬಿಟ್ಟರು.

ಅವರು ಮನೆ ಮುಟ್ಟಿದ ಸುದ್ದಿಗಿಂತ ಮೊದಲೇ ಊರಿನಿಂದ ಅಮ್ಮನ ಫೋನ್ ಬಂತು. ಪ್ಯಾರಿಸ್ ಬಗ್ಗೆ ಒಂದು ಮಾತಿಲ್ಲ, ಬೂದಿಯ ವಿಷಯವೂ ಇಲ್ಲ. "ಮಧ್ಯಾಹ್ನ ಬರೀ ಬ್ರೆಡ್ ತಿಂತೀಯಂತೆ? ನಿಮ್ಮನೆಗೆ ಯಾರೂ ಬರೋದೇ ಇಲ್ವಂತೆ?" ನಾನು ಡೈರಿಯ ವಿಷಯ ಹೇಳಲು ಶುರು ಮಾಡಿದೆ. ಅಮ್ಮ ಕೇಳಿಸಿಕೊಳ್ಳಲಿಲ್ಲ. "ಮುಂದಿನ ವರ್ಷ ನಾನೇ ಬರ್ತೀನಿ, ಮೂರು ತಿಂಗಳಿಗೆ ಟಿಕೆಟ್ ಮಾಡ್ಸು. ಪ್ಯಾರಿಸ್ ಗೀರಿಸ್ ಏನೂ ಬೇಡ, ಮನೇಲೇ ಇರ್ತೀನಿ."